ಮರಳಿನ ಕಾವಲು

ಮರಳು ಎಂದರೆ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ತಲಕಾಡು. ಕೊಳ್ಳೇಗಾಲದ ಕಡೆಯ ನಮ್ಮ ಸತ್ತೇಗಾಲದಿಂದ ಕಾವೇರಿಯ ಮೇಲ್ಮಗ್ಗುಲಿಗೆ ಹೋದರೆ ಅಷ್ಟೇನೂ ದೂರವಲ್ಲ. ಅಲಮೇಲಮ್ಮನ ಶಾಪದ ಕಥೆ ಕೇಳದೆ ಬೆಳೆದ ಮಕ್ಕಳು ಈ ಹೊಳೆಸಾಲಿನಲ್ಲಿ ಸಿಗುವುದಿಲ್ಲ. ಗುಡಿಗಳನ್ನೇ ನುಂಗಿ ಕೂತ ಆ ಮರಳಿಗೆ ಶಾಪವೇ ಕಾರಣ ಎನ್ನುವವರು ಎನ್ನಲಿ. ಭೂವಿಜ್ಞಾನ ಬಲ್ಲವರು ಹೊಳೆಯ ತಿರುವು, ಬೇಸಿಗೆಯ ಗಾಳಿ, ಮಾಧವಮಂತ್ರಿ ಕಟ್ಟೆ ಎಂದು ಬೇರೆಯೇ ಲೆಕ್ಕ ಒಪ್ಪಿಸುತ್ತಾರೆ. ಮರಳಿನ ಎರಡನೆಯ ನೆನಪು ಮನೆ ಕಟ್ಟಿಸುವಾಗಿನದು. ಲೋಡಿಗೆ ಎಷ್ಟು, ಹೊಳೆಮರಳೋ ಎಂ-ಸ್ಯಾಂಡೋ, ಗಾರೆಯವನು ಏನಂದ, ನಡುರಾತ್ರಿ ಬರುವ ಟ್ರ್ಯಾಕ್ಟರಿನವನಿಗೆ ಯಾರ ಕೈಯಲ್ಲಿ ಹೇಳಿಸಬೇಕು; ಮಾತು ಇಷ್ಟರಲ್ಲೇ ಸುತ್ತುತ್ತದೆ. ಇವೆರಡೂ ಅಲ್ಲದ ಇನ್ನೊಂದು ಕಸುಬು ಮರಳಿಗಿದೆ. ಅದನ್ನು ಕಣ್ಣಾರೆ ಕಂಡಿದ್ದು ಹೊನ್ನಾವರದ ಕಾಸರಕೋಡ ಟೊಂಕದಲ್ಲಿ. ಕೋಳಿ ತನ್ನ ಹೊಟ್ಟೆಯಡಿ ಇಟ್ಟುಕೊಂಡು ಮಾಡುವ ಕೆಲಸವನ್ನು ಅಲ್ಲಿ ಮರಳು ಮಾಡುತ್ತದೆ. ಕಾವು ಕೊಡುತ್ತದೆ.

ಆ ಕಡೆ ನೆಂಟರ ಮದುವೆಯಿತ್ತು. ಮದುವೆ ಮುಗಿದ ಮೇಲೆ ಮುರುಡೇಶ್ವರ, ಇಡಗುಂಜಿ ಎಂದು ಎಲ್ಲರೂ ವ್ಯಾನು ಹತ್ತಿದರು. ನಾನು ಉಳಿದುಕೊಂಡೆ. ಕಡಲಾಮೆ ಮೊಟ್ಟೆಯಿಟ್ಟ ಜಾಗ ನೋಡಿಕೊಂಡು ಬರುತ್ತೇನೆ ಎಂದಾಗ, ‘ಆಮೆ ನೋಡಕ್ಕೆ ಅಷ್ಟು ದೂರದಿಂದ ಬರಬೇಕಿತ್ತಾ, ನಮ್ಮ ಹೊಳೇಲಿ ಇರ್ನಿಲ್ವಾ’ ಎಂದು ನಮ್ಮ ಚಿಕ್ಕಮ್ಮ ನಕ್ಕರು. ಅವರ ಪ್ರಶ್ನೆಯಲ್ಲಿ ಹುರುಳಿದೆ. ಅದಕ್ಕೆ ಮುಂದೆ ಬರುತ್ತೇನೆ.

ಟೊಂಕ ಎಂಬುದು ಶರಾವತಿ ಕಡಲು ಸೇರುವ ಅಳಿವೆಯ ಪಕ್ಕದ ಮರಳು ನೆಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಮೀನುಗಾರರ ಮನೆಗಳು. ಇದೇ ಕಾಸರಕೋಡಿನ ಇನ್ನೊಂದು ತೀರಕ್ಕೆ 2020ರಲ್ಲಿ ಪಡುಬಿದ್ರಿಯ ಜೊತೆ, ಸ್ವಚ್ಛ ತೀರಗಳಿಗೆ ಕೊಡುವ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿತು. ಅಲ್ಲಿ ಕುರ್ಚಿ, ಕೊಡೆ, ಟಿಕೆಟ್ಟು ಎಲ್ಲ ಉಂಟು. ಟೊಂಕದಲ್ಲಿ ಇರುವುದು ಒಣಮೀನು. ಹಾಸಿದ ಬಲೆಯ ಮೇಲೆ ಬಂಗಡೆ, ಶೆಟ್ಲಿ, ಸಣ್ಣಪುಟ್ಟ ಮೀನು ಹರಡಿ, ಕಾಗೆ ಓಡಿಸುತ್ತ ಹೆಂಗಸರು ಕೂತಿರುತ್ತಾರೆ. ಇಲ್ಲಿ ಖಾಸಗಿ ಬಂದರು ಕಟ್ಟುವ ಯೋಜನೆಯೊಂದಿದೆ, ಮೀನುಗಾರರು ಅದನ್ನು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಅವರ ವಾದಗಳಲ್ಲಿ ಒಂದು, ಇದು ಕಡಲಾಮೆ ಮೊಟ್ಟೆಯಿಡುವ ತೀರ ಎಂಬುದು. ತಮ್ಮ ಒಲೆಯ ಪ್ರಶ್ನೆಯ ಜೊತೆಗೆ ಆಮೆಯ ಗೂಡಿನ ಪ್ರಶ್ನೆಯನ್ನೂ ಹೊತ್ತುಕೊಂಡು ಬೀದಿಗಿಳಿದವರು ಅವರು. ಇದನ್ನು ಬರೀ ತಂತ್ರ ಎಂದು ಮೂಗು ಮುರಿಯುವವರಿದ್ದಾರೆ. ಮೊಟ್ಟೆ ಕಾಯಲು ರಾತ್ರಿ ನಿದ್ದೆ ಕೆಡುವವರು ಯಾರು ಎಂದು ನೋಡಿದ ಮೇಲೆ ನನಗೆ ಹಾಗನ್ನಿಸಲಿಲ್ಲ.

ಕಡಲಾಮೆ ಸಂರಕ್ಷಣಾ ಕೇಂದ್ರ ಎಂದರೆ ಕಾಂಪೌಂಡು, ಗೇಟು, ಗಾಜಿನ ತೊಟ್ಟಿ ಎಂದು ಹುಡುಕಬೇಡಿ. ಹೆಚ್ಚಿನ ಕಡೆ ಅದು ಇರುವುದು ತೀರದಲ್ಲೇ, ಬಯಲಲ್ಲೇ. ಅಲೆ ಮುಟ್ಟದಷ್ಟು ಮೇಲೆ, ಬಳ್ಳಿ ಹಬ್ಬಿದ ಮರಳಿನಲ್ಲಿ, ನೆಲಕ್ಕೆ ಹೂತ ಕಬ್ಬಿಣದ ಜಾಲರಿಯ ಒಂದು ಪಂಜರ. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಮೊಟ್ಟೆಯಿಟ್ಟ ತಾರೀಕು. ಒಳಗೆ ನೋಡಿದರೆ ಏನೂ ಇಲ್ಲ, ಬರಿ ಮರಳು. ಅಡಿಯಲ್ಲಿ ನೂರರ ಆಸುಪಾಸು ಮೊಟ್ಟೆಗಳಿವೆ ಎಂದು ನಂಬಿಕೊಂಡು ನಿಲ್ಲಬೇಕು. ನಾಯಿ, ನರಿ, ಕಾಗೆ, ಏಡಿ ಇವಕ್ಕೆಲ್ಲ ನಮಗಿಂತ ಮೊದಲೇ ಗೊತ್ತಾಗುತ್ತದೆ. ಜಾಲರಿ ಇರುವುದು ಅವುಗಳಿಗಾಗಿ. ಅರಣ್ಯ ಇಲಾಖೆಯ ಕಾವಲಿನ ಹುಡುಗ ಮನುಷ್ಯರಿಗಾಗಿ.

ಪಕ್ಕದಲ್ಲಿ ಮೀನು ತಿರುವಿ ಹಾಕುತ್ತಿದ್ದ ಹಿರಿಯ ಹೆಂಗಸು ನನ್ನನ್ನು ತಡೆದು ಕೇಳಿದರು.

‘ಎಲ್ಲಿಂದ ಬಂದ್ರಿ?’

‘ಕೊಳ್ಳೇಗಾಲದ ಕಡೆಯಿಂದ ಅಕ್ಕ.’

‘ಅಲ್ಲಿ ಸಮುದ್ರ ಇಲ್ಲಾ?’

‘ಇಲ್ಲ. ಹೊಳೆ ಐತೆ, ಕಾವೇರಿ.’

‘ಹೊಳೆ ಇದ್ರೆ ಮತ್ತೆಂತ? ಅದೂ ಸಮುದ್ರಕ್ಕೇ ಬತ್ತದಲ್ಲ.’

ಆಮೆಯ ಮಾತೆತ್ತಿದರೆ ಅವರು ಏನನ್ನೂ ಮುಚ್ಚಿಡಲಿಲ್ಲ. ‘ಮೊದ್ಲು ಮೊಟ್ಟೆ ತೆಗೆದು ತಿಂತಿದ್ರು, ಸುಳ್ಳು ಹೇಳೂದೆಂತಕೆ. ಆದ್ರೆ ಬಲೆಗೆ ದೊಡ್ಡ ಆಮೆ ಬಿದ್ರೆ ನಮ್ಮೋರು ಕೊಲ್ತಿರ್ಲಿಲ್ಲ. ದೇವ್ರಲ್ದಾ? ಕುಂಕುಮ ಹಚ್ಚಿ ಬಿಟ್ಟು ಬರೂದು. ಈಗ ಮೊಟ್ಟೆ ಕಂಡ್ರೂ ಫಾರೆಸ್ಟಿನವ್ರಿಗೆ ಫೋನು ಮಾಡ್ತ್ರು, ನಮ್ಮ ಹುಡುಗ್ರೇ.’ ಒಂದೇ ಪ್ರಾಣಿ, ಕಡಲಲ್ಲಿ ದೇವರು, ದಡದಲ್ಲಿ ಪಲ್ಯ. ಈ ಲೆಕ್ಕ ನಮ್ಮ ಊರಿಗೂ ಹೊಸದಲ್ಲ ಬಿಡಿ.

ನಮ್ಮ ರಾಜ್ಯದ ತೀರಕ್ಕೆ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಎಂಬ ಜಾತಿ. ಚಿಪ್ಪು ಎರಡು ಅಡಿಗೆ ಸ್ವಲ್ಪ ಮಿಕ್ಕಿ, ತೂಕ ನಲವತ್ತು ಕಿಲೋ ಆಸುಪಾಸು. ಕಡಲಾಮೆಗಳಲ್ಲಿ ಇದು ಚಿಕ್ಕ ಪೈಕಿ. ಚಳಿಗಾಲ ಶುರುವಾದ ಮೇಲೆ ಬೇಸಿಗೆ ಬಲಿಯುವವರೆಗೆ, ಕತ್ತಲಾದ ಮೇಲೆ ಹೆಣ್ಣು ನೀರಿನಿಂದ ಏಳುತ್ತದೆ. ನೀರಿನಲ್ಲಿ ಈಜುವ ಕಾಲುಗಳು ನೆಲದ ಮೇಲೆ ಕೆಲಸಕ್ಕೆ ಬಾರವು. ಮೈಯನ್ನು ಎಳೆದುಕೊಂಡೇ ಮೇಲೆ ಬರಬೇಕು. ಜಾಗ ಒಪ್ಪಿದರೆ ಹಿಂಗಾಲುಗಳಿಂದ ಗುಂಡಿ ತೋಡುತ್ತದೆ. ಒಂದು ಕಾಲು ಮರಳನ್ನು ಬೊಗಸೆಯಷ್ಟು ಎತ್ತಿ ಪಕ್ಕಕ್ಕೆ ಹಾಕುತ್ತದೆ, ಆಗ ಇನ್ನೊಂದು ಕಾಲು ಗುಂಡಿಯಲ್ಲಿರುತ್ತದೆ. ತಾನು ತೋಡಿದ್ದನ್ನು ಅದು ಒಮ್ಮೆಯೂ ತಿರುಗಿ ನೋಡುವುದಿಲ್ಲ, ನೋಡಲು ಆಗುವುದೂ ಇಲ್ಲ. ಬಾಯಿ ಕಿರಿದು, ಹೊಟ್ಟೆ ಅಗಲವಾದ ಒಂದೂವರೆ ಅಡಿಯ ಗುಂಡಿ ಸಿದ್ಧವಾಗುತ್ತದೆ. ನೂರು, ನೂರಿಪ್ಪತ್ತು ಮೊಟ್ಟೆ. ದುಂಡಗೆ, ಬೆಳ್ಳಗೆ, ಒತ್ತಿದರೆ ತಗ್ಗುವ ತೊಗಲಿನ ಸಿಪ್ಪೆ. ಮರಳು ಮುಚ್ಚಿದ ಮೇಲೆ ಒಂದು ಕೆಲಸ ಬಾಕಿ: ಇಡೀ ಮೈಯನ್ನು ಎಡಕ್ಕೆ ಬಲಕ್ಕೆ ಎತ್ತಿ ಎತ್ತಿ ಬಡಿದು ಮರಳನ್ನು ಗಟ್ಟಿ ಮಾಡುವುದು. ಆ ಗುದ್ದುವ ಸದ್ದು ಕೇಳಿಯೇ ಗೂಡು ಪತ್ತೆ ಮಾಡಿದ್ದಿದೆ ಎಂದು ಕಾವಲಿನ ಹುಡುಗ ಹೇಳಿದ. ಕಣ್ಣಿನಿಂದ ಇಳಿಯುವ ನೀರನ್ನು ಹೆರಿಗೆ ನೋವಿನ ಕಣ್ಣೀರು ಎನ್ನುವುದು ನೋಡಲು ಬಂದವರ ಮಾತು. ಮೈಯೊಳಗಿನ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿ ಅಲ್ಲಿದೆ, ಅಷ್ಟೇ. ನೀರಿನಲ್ಲಿದ್ದಾಗಲೂ ಅದು ಇಳಿಯುತ್ತಲೇ ಇರುತ್ತದೆ, ನಮಗೆ ಕಾಣುವುದಿಲ್ಲ.

ಮೊಟ್ಟೆಯಿಟ್ಟು ಹೋದ ತಾಯಿ ಆ ಗೂಡಿಗೆ ತಿರುಗಿ ಬರುವುದಿಲ್ಲ. ಮುಂದಿನ ನಲವತ್ತೈದು ದಿನದಿಂದ ಎರಡು ತಿಂಗಳವರೆಗೆ ಜವಾಬ್ದಾರಿ ಮರಳಿನದು. ಇಲ್ಲೊಂದು ಸೋಜಿಗವಿದೆ. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ. ಸುಮಾರು 29–30 ಡಿಗ್ರಿಯ ಆಚೀಚೆ ಎರಡೂ ಹುಟ್ಟುತ್ತವೆ. ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಬೆಚ್ಚನೆಯ ಉತ್ತರ ಭಾಗದಿಂದ ಬಂದ ಎಳೆಯ ಹಸಿರು ಆಮೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೆಣ್ಣೇ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಭೂಮಿ ಬಿಸಿಯಾಗುತ್ತಿದೆ ಎಂದು ನಾವು ಭಾಷಣ ಕೇಳುತ್ತೇವೆ. ಆ ಮರಿಗಳಿಗೆ ಅದು ಹುಟ್ಟುವ ಮುಂಚೆಯೇ ತಗುಲಿದೆ.

ಅಲೆ ಬಡಿಯುವ ಕಡೆ ಗೂಡಿದ್ದರೆ ಮೊಟ್ಟೆಗಳನ್ನು ಮೇಲಿನ ಮರಳಿಗೆ ಸಾಗಿಸುತ್ತಾರೆ. ಇದರಲ್ಲಿ ಕೈಚಳಕಕ್ಕಿಂತ ತಾಳ್ಮೆ ಮುಖ್ಯ. ಮೊಟ್ಟೆಯಿಟ್ಟ ಕೆಲವು ಗಂಟೆಗಳಲ್ಲಿ ಭ್ರೂಣ ಮೊಟ್ಟೆಯ ಮೇಲ್ಭಾಗದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ತಿರುಗಿಸಿದರೆ ಮರಿ ಒಳಗೇ ಸಾಯುತ್ತದೆ. ಹಾಗಾಗಿ ಬೇಗ ಎತ್ತಬೇಕು, ಹೇಗಿತ್ತೋ ಹಾಗೇ ಎತ್ತಬೇಕು, ಹೊಸ ಗುಂಡಿ ಹಳೆಯದರಷ್ಟೇ ಆಳ ಇರಬೇಕು. ಪುಣ್ಯ ಬರುತ್ತದೆಂದು ಹಗಲು ಹೊತ್ತಿನಲ್ಲಿ ಮೊಟ್ಟೆ ಅಗೆದು ಬಕೆಟ್ಟಿಗೆ ತುಂಬಿ, ಅಲುಗಾಡಿಸಿಕೊಂಡು ಇಲಾಖೆಗೆ ತಂದೊಪ್ಪಿಸುವವರು ತಮಗೇ ತಿಳಿಯದಂತೆ ನೂರು ಜೀವ ತೆಗೆದಿರುತ್ತಾರೆ.

ಮರುದಿನ ಬೆಳಕು ಹರಿಯುವ ಮುಂಚೆ ಇನ್ನೊಂದು ಪಂಜರದ ಮರಳು ನಡುವೆ ಕುಸಿದಿತ್ತು. ಮರಿಗಳು ಕೆಳಗಿನಿಂದ ಒಟ್ಟಿಗೆ ಕೆದರುತ್ತ ಮೇಲೇಳುವಾಗ ಹೀಗಾಗುತ್ತದಂತೆ. ಮೊದಲು ಒಂದು ಕಪ್ಪು ಮೂತಿ. ಅದರ ತಲೆಯ ಮೇಲೆ ಇನ್ನೊಂದರ ಕಾಲು. ಆಮೇಲೆ ಒಂದರ ಬೆನ್ನು ಹತ್ತಿ ಒಂದು, ಮರಳು ಕುದಿಯತೊಡಗಿತು. ಇಪ್ಪತ್ತು ಗ್ರಾಮೂ ತೂಗದ ಮರಿ. ಅಂಗೈಯಲ್ಲಿ ಎರಡು ಮಲಗಿಸಬಹುದು. ಆದರೆ ಅಂಗೈಗೆ ತೆಗೆದುಕೊಳ್ಳುವ ಹಾಗಿಲ್ಲ. ಜಾಲರಿ ತೆಗೆದು, ಜನರನ್ನು ಎರಡೂ ಕಡೆ ಸರಿಸಿ, ಟಾರ್ಚು ಆರಿಸಿ, ಅವೇ ನಡೆದು ಹೋಗಲಿ ಎಂದು ಬಿಟ್ಟರು. ಒಂದು ಮರಿ ಯಾರದೋ ಹೆಜ್ಜೆ ಗುಂಡಿಗೆ ಬಿದ್ದು ಅಂಗಾತವಾಯಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ಕೈ ಚಾಚಿದಳು. ‘ಬೇಡ ತಂಗಿ, ಅದೇ ಏಳ್ತದೆ’ ಎಂದ ಕಾವಲಿನವನು. ಕುತ್ತಿಗೆಯನ್ನು ಮರಳಿಗೆ ಊರಿ ಎರಡು ಸಲ ಒದ್ದಾಡಿ ಅದು ಎದ್ದಿತು. ಹುಟ್ಟಿದ ಮರಳಿನ ಮೇಲೆ ಹೀಗೆ ನಡೆದೇ ನೀರು ಸೇರಿದರೆ, ದೊಡ್ಡದಾದ ಮೇಲೆ ಮೊಟ್ಟೆಯಿಡಲು ಹೆಣ್ಣು ಅದೇ ಸೀಮೆಗೆ ದಾರಿ ಹುಡುಕಿಕೊಂಡು ಬರುತ್ತದೆ ಎನ್ನುತ್ತಾರೆ. ಆ ದಾರಿಗೆ ಭೂಮಿಯ ಕಾಂತಶಕ್ತಿಯ ಗುರುತೂ ಒದಗುತ್ತದೆ. ದೊಡ್ಡದಾಗಲು ಹತ್ತು ಹದಿನೈದು ವರ್ಷ ಬೇಕು. ಸಾವಿರಕ್ಕೆ ಒಂದು ಉಳಿದರೆ ಹೆಚ್ಚು ಎಂಬುದು ಕಡಲಾಮೆ ಬಲ್ಲವರ ಅಂದಾಜು. ಮರಿಗಳೆಲ್ಲ ಹೋದ ಮೇಲೆ ಕಾವಲಿನವರು ಗುಂಡಿ ಅಗೆದು, ಒಡೆದ ಸಿಪ್ಪೆ ಎಷ್ಟು, ಕೆಟ್ಟ ಮೊಟ್ಟೆ ಎಷ್ಟು ಎಂದು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡರು. ಫೋಟೊ ಹೊಡೆಯುತ್ತಿದ್ದವರು ಅಷ್ಟರಲ್ಲಿ ಹೊರಟುಹೋಗಿದ್ದರು. ನನಗೆ ಆ ಎಣಿಕೆಯೇ ಹೆಚ್ಚು ಹಿಡಿಸಿತು. ಕೆಲಸ ಅಂದರೆ ಅದು.

ಈ ಎಣಿಕೆಗೆ ನಮ್ಮ ದೇಶದಲ್ಲಿ ದಾರಿ ಹಾಕಿದವರು ಸತೀಶ್ ಭಾಸ್ಕರ್. 1970–80ರ ದಶಕಗಳಲ್ಲಿ ದೇಶದ ತೀರಗಳನ್ನು, ಅಂಡಮಾನ್, ಲಕ್ಷದ್ವೀಪಗಳನ್ನು ಸಾವಿರಾರು ಕಿಲೋಮೀಟರು ಕಾಲ್ನಡಿಗೆಯಲ್ಲಿ ಸುತ್ತಿ ಆಮೆಗಳ ಗೂಡು ಹುಡುಕಿದ ಮನುಷ್ಯ. 1982ರ ಮಳೆಗಾಲವಿಡೀ ಲಕ್ಷದ್ವೀಪದ ಜನವಸತಿಯಿಲ್ಲದ ದ್ವೀಪವೊಂದರಲ್ಲಿ ಒಬ್ಬರೇ ಕೂತರು. ಅಲ್ಲಿಂದ ಹೆಂಡತಿಗೆ ಕಾಗದ ಬರೆದು ಬಾಟಲಿಯಲ್ಲಿಟ್ಟು ಕಡಲಿಗೆ ಬಿಟ್ಟರೆ, ಅದು ಶ್ರೀಲಂಕಾದ ಮೀನುಗಾರನಿಗೆ ಸಿಕ್ಕಿ, ಅವನು ಅಂಚೆಗೆ ಹಾಕಿ, ವಿಳಾಸಕ್ಕೆ ತಲುಪಿತು. 2023ರಲ್ಲಿ ಅವರು ತೀರಿಕೊಂಡಾಗ ಸುದ್ದಿ ಎಷ್ಟು ಜನಕ್ಕೆ ಮುಟ್ಟಿತೋ! ಚೆನ್ನೈನಲ್ಲಿ 1988ರಿಂದ ವಿದ್ಯಾರ್ಥಿಗಳ ಗುಂಪೊಂದು ಋತುವಿನುದ್ದಕ್ಕೂ ರಾತ್ರಿ ತೀರ ನಡೆದು ಮೊಟ್ಟೆ ಕಾಯುತ್ತ ಬಂದಿದೆ. ರತ್ನಾಗಿರಿ ಜಿಲ್ಲೆಯ ವೇಳಾಸ್ ಎಂಬ ಹಳ್ಳಿಯಲ್ಲಿ 2002ರಲ್ಲಿ ಚಿಪ್ಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಊರವರ ಜೊತೆ ಕೆಲಸ ಶುರುಮಾಡಿತು. ಈಗ ಮರಿ ನೋಡಲು ಬಂದವರಿಗೆ ಊರವರೇ ಮನೆಯಲ್ಲಿ ಊಟ, ವಸತಿ ಕೊಟ್ಟು ಸಂಪಾದಿಸುತ್ತಾರೆ. ನಮ್ಮ ಕುಂದಾಪುರದ ತೀರದಲ್ಲೂ ಎಫ್‌ಎಸ್‌ಎಲ್ ಸಂಸ್ಥೆ ಮೀನುಗಾರರನ್ನು ಸೇರಿಸಿಕೊಂಡು ಗೂಡು ಕಾದಿದೆ. ಎಲ್ಲ ಕಡೆಯೂ ಕಥೆ ಒಂದೇ: ದಡದಲ್ಲಿ ಮಲಗುವವರು ಒಪ್ಪಿದರೆ ಆಮೆ ಉಳಿಯುತ್ತದೆ, ಇಲ್ಲದಿದ್ದರೆ ಕಾಯ್ದೆ ಕಾಗದದಲ್ಲಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ, ಆನೆಗಳ ಜೊತೆಗೇ ಆಲಿವ್ ರಿಡ್ಲೆಯೂ ಇದೆ. ಹುಲಿಗೆ ಸಿಗುವ ದುಡ್ಡು, ಸುದ್ದಿ ಇದಕ್ಕಿಲ್ಲ.

ದಡದ ಕಾವಲು ಅರ್ಧ ಕೆಲಸ. ಉಳಿದರ್ಧ ನೀರಿನಲ್ಲಿದೆ. ಆಮೆಗೆ ಶ್ವಾಸಕೋಶವಿದೆ, ಉಸಿರಿಗೆ ಮೇಲೆ ಬರಲೇಬೇಕು. ಟ್ರಾಲರ್ ಬಲೆಯಲ್ಲಿ ಸಿಕ್ಕಿ ತಾಸುಗಟ್ಟಲೆ ನೀರಿನಡಿ ಎಳೆದಾಡಿದರೆ ಉಸಿರು ಕಟ್ಟಿ ಸಾಯುತ್ತದೆ. 2025ರ ಜನವರಿಯಲ್ಲಿ ಚೆನ್ನೈ ಮತ್ತು ಸುತ್ತಲಿನ ತೀರದಲ್ಲಿ ಸತ್ತ ಆಮೆಗಳು ಸಾವಿರದ ಮೇಲೆ ಬಂದು ಬಿದ್ದವು. ಮೀನುಗಾರರು ಕತ್ತರಿಸಿ ಬಿಟ್ಟ, ತುಂಡಾಗಿ ತೇಲುವ ಹಳೆ ಬಲೆ ಇನ್ನೊಂದು ಮೃತ್ಯು. ಅದು ಕಾಲಿಗೆ ಸುತ್ತಿಕೊಂಡು ಕೊಯ್ಯುತ್ತ ಹೋಗಿ ಕೊನೆಗೆ ಕಾಲನ್ನೇ ತೆಗೆದುಬಿಡುತ್ತದೆ. ಮಹಾರಾಷ್ಟ್ರದ ಡಹಾಣುವಿನಲ್ಲಿ ಇಂಥ ಆಮೆಗಳ ಚಿಕಿತ್ಸೆಗೆಂದೇ ಕೇಂದ್ರವಿದೆ. ಬಲೆಯ ಹಿಂಭಾಗದಲ್ಲಿ ಆಮೆ ತಪ್ಪಿಸಿಕೊಳ್ಳಲು ಕಿಂಡಿಯಿರುವ ಚೌಕಟ್ಟನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವಂತೆ ಮಾಡಿಕೊಟ್ಟಿದೆ. ಆ ಕಿಂಡಿಯಿಂದ ಒಂದಿಷ್ಟು ಮೀನೂ ಹೋಗುತ್ತದೆ ಎಂಬುದು ಮೀನುಗಾರರ ತಕರಾರು. ಬಲೆಗಳಲ್ಲಿ ಆ ಚೌಕಟ್ಟು ಇಲ್ಲವೆಂದು ಅಮೆರಿಕ ಕೆಲವು ವರ್ಷಗಳಿಂದ ನಮ್ಮ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಕೊಳ್ಳುತ್ತಿಲ್ಲ.

ಇವೆಲ್ಲಕ್ಕಿಂತ ನನಗೆ ಬುದ್ಧಿವಂತಿಕೆಯದು ಎನಿಸಿದ್ದು ಮಹಾರಾಷ್ಟ್ರ ಸರ್ಕಾರ 2018ರ ಕೊನೆಯಲ್ಲಿ ತಂದ ಒಂದು ಸಣ್ಣ ಏರ್ಪಾಡು. ಬಲೆಗೆ ಸಿಕ್ಕ ಸಂರಕ್ಷಿತ ಪ್ರಾಣಿಯನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರನಿಗೆ, ಹಾಳಾದ ಬಲೆಗಾಗಿ 25,000 ರೂಪಾಯಿವರೆಗೆ ಪರಿಹಾರ. ಬಿಟ್ಟದ್ದಕ್ಕೆ ಫೋಟೊ ತೋರಿಸಿದರಾಯಿತು. ದೇವರೆಂದು ಕುಂಕುಮ ಹಚ್ಚುವವನಿಗೂ ಬಲೆಯ ಸಾಲ ತೀರಬೇಕಲ್ಲ. ಬಡವನ ಭಕ್ತಿಯ ಮೇಲೆ ಇಡೀ ಭಾರ ಹೊರಿಸಿ ನಾವು ಪಟ್ಟಣದಲ್ಲಿ ಕೂತು ಚಪ್ಪಾಳೆ ತಟ್ಟುವುದು ಅನ್ಯಾಯ.

ಇನ್ನು ಸತ್ತೇಗಾಲಕ್ಕೆ ಬರೋಣ. ಕಡಲ ದಡದ ಮರಳು ಕಡಲಿನದಲ್ಲ. ಅದರ ಬಹುಪಾಲನ್ನು ಹೊಳೆಗಳು ಬೆಟ್ಟದಿಂದ ತಂದು ಸುರಿದಿರುತ್ತವೆ, ಅಲೆಗಳು ಹಂಚಿ ಹಾಸಿರುತ್ತವೆ. ಪ್ರತಿ ಮಳೆಗಾಲ ಕಡಲು ದಡವನ್ನು ಕೊರೆಯುತ್ತದೆ, ಆಮೇಲೆ ಹೊಳೆ ತಂದದ್ದರಿಂದ ದಡ ತುಂಬಿಕೊಳ್ಳುತ್ತದೆ. ಹೊಳೆ ತರುವುದು ನಿಂತರೆ ಕೊರೆತ ಮಾತ್ರ ಉಳಿಯುತ್ತದೆ. ಇದಕ್ಕೆ ಕೇರಳದ ಕೊಳಾವಿಪ್ಪಾಲಂ ಸಾಕ್ಷಿ. ಪಯ್ಯೋಳಿಯ ಹತ್ತಿರದ ಆ ಊರಿನ ಮೀನುಗಾರ ಹುಡುಗರು 1992ರಲ್ಲಿ ಪತ್ರಿಕೆಯಲ್ಲಿ ಕಡಲಾಮೆಯ ಬಗ್ಗೆ ಓದಿ, ‘ತೀರಂ’ ಎಂಬ ಹೆಸರಿನಲ್ಲಿ ಗೂಡು ಕಾಯಲು ನಿಂತರು. ಮರಿಗಳನ್ನು ಸಾವಿರಗಟ್ಟಲೆ ಕಡಲಿಗೆ ಬಿಟ್ಟರು. ಅವರ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ಆದರೆ ಪಕ್ಕದ ಕೋಟ್ಟಪ್ಪುಳ ಹೊಳೆಯ ಅಳಿವೆಯಲ್ಲಿ ಮರಳೆತ್ತಿದ್ದಕ್ಕೆ ತೀರವೇ ಕರಗುತ್ತ ಹೋಯಿತು. ಗೂಡುಗಳು ಬೆರಳೆಣಿಕೆಗೆ ಇಳಿದವು. ಮೊಟ್ಟೆ ಕದಿಯುವವನನ್ನು ಹಿಡಿಯಬಹುದು. ಮೊಟ್ಟೆಯಿಡುವ ನೆಲವನ್ನೇ ಲಾರಿಯಲ್ಲಿ ಸಾಗಿಸಿದರೆ ಕಾವಲಿನವನು ಏನನ್ನು ಕಾಯಬೇಕು?

ನಮ್ಮ ಕಾವೇರಿ ಸತ್ತೇಗಾಲದ ಬಳಿ ಎರಡಾಗಿ ಒಡೆದು ಶಿವನಸಮುದ್ರವನ್ನು ಬಳಸಿ, ಗಗನಚುಕ್ಕಿ, ಭರಚುಕ್ಕಿಯಲ್ಲಿ ಧುಮುಕಿ ಮತ್ತೆ ಒಂದಾಗಿ, ಶಿಂಷಾ, ಅರ್ಕಾವತಿಗಳನ್ನು ಕೂಡಿಕೊಂಡು, ಮೇಕೆದಾಟು, ಹೊಗೇನಕಲ್ಲು ದಾಟಿ ತಮಿಳುನಾಡು ಸೇರುತ್ತದೆ. ಕೊನೆಗೆ ಪೂಂಪುಹಾರಿನಲ್ಲಿ ಕಡಲು. ಪೂಂಪುಹಾರಿನ ಸುತ್ತಲಿನ ಆ ತೀರದಲ್ಲೂ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಬಂದು ಮೊಟ್ಟೆಯಿಡುತ್ತದೆ, ಅಲ್ಲಿಯ ಅರಣ್ಯ ಇಲಾಖೆ ಮೊಟ್ಟೆಗಳನ್ನು ಕಾಯ್ದು ಮರಿ ಬಿಡುತ್ತದೆ. ಆ ಮೊಟ್ಟೆಗಳಿಗೆ ಕಾವು ಕೊಡುವ ಮರಳು ಕೊಡಗಿನಿಂದ, ಮೈಸೂರಿನಿಂದ, ನಮ್ಮ ಊರಿನ ಮುಂದಿನಿಂದ ಸಾವಿರಾರು ವರ್ಷ ಉರುಳಿಕೊಂಡು ಹೋದದ್ದು. 1930ರ ದಶಕದ ಶುರುವಿನಲ್ಲಿ ಮೇಲೆ ಕನ್ನಂಬಾಡಿ ಮುಗಿಯಿತು, 1934ರಲ್ಲಿ ಕೆಳಗೆ ಮೆಟ್ಟೂರು. ಕಟ್ಟೆ ನೀರನ್ನು ಬಿಡುತ್ತದೆ, ಮರಳನ್ನು ಹಿಡಿದುಕೊಳ್ಳುತ್ತದೆ. ಕಟ್ಟೆಗಳು ಬೇಡವಿತ್ತು ಎಂದು ನಾನು ಹೇಳಲಾರೆ. ಅವುಗಳ ನೀರಿನಿಂದ ಉಂಡ ಮಂಡ್ಯ, ತಂಜಾವೂರು ಜಿಲ್ಲೆಗಳವರೂ ಹಾಗೆನ್ನುವುದಿಲ್ಲ. ಕಟ್ಟೆ ಹಿಡಿದದ್ದು ಸಾಲದೆಂದು, ಉಳಿದದ್ದನ್ನು ನಾವು ರಾತ್ರಿ ಹೊತ್ತು ಬಾಚುತ್ತಿರುವುದಕ್ಕೆ ಮಾತ್ರ ಯಾವ ಸಮಜಾಯಿಷಿಯೂ ಇಲ್ಲ. ನೀರಿಗಾಗಿ ಎರಡು ರಾಜ್ಯ ನೂರು ವರ್ಷ ಕೋರ್ಟು, ಟ್ರಿಬ್ಯುನಲ್ಲು ಅಲೆದಿವೆ. ಮರಳಿನಲ್ಲಿ ಕಡಲಿಗೂ ಪಾಲಿದೆ ಎಂದು ಯಾರೂ ಅರ್ಜಿ ಹಾಕಲಿಲ್ಲ.

ಚಿಕ್ಕಮ್ಮನ ಪ್ರಶ್ನೆ ಬಾಕಿಯಿದೆ. ನಮ್ಮ ಹೊಳೆಯಲ್ಲಿ ಆಮೆ ಇಲ್ಲವೇ? ಇದೆ. ಗಟ್ಟಿ ಚಿಪ್ಪಿನ ಕರಿಯಾಮೆ ಇದೆ. ಚಿಪ್ಪಿನ ಬದಲು ತೊಗಲು ಹೊದ್ದಂತಿರುವ, ಮೂತಿ ಕೊಳವೆಯಾಗಿ ಚಾಚಿದ, ಎರಡು ಅಡಿಯವರೆಗೂ ಬೆಳೆಯುವ ಮೆದುಚಿಪ್ಪಿನ ಆಮೆಯೂ ಇದೆ. ಲೀತ್‌ನ ಆಮೆ ಎಂದು ಅದರ ಹೆಸರು. ದಕ್ಷಿಣದ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಳಿವಿನ ಅಂಚಿಗೆ ಬಂದಿದೆ ಎಂದು 2022ರಲ್ಲಿ ಪನಾಮದಲ್ಲಿ ನಡೆದ ವನ್ಯಜೀವಿ ವ್ಯಾಪಾರ ನಿಯಂತ್ರಣದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತವೇ ಪ್ರಸ್ತಾವ ಮಂಡಿಸಿ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಿಸಿತು. ಮೂಲವ್ಯಾಧಿಗೆ ಒಳ್ಳೆಯದೆಂದು ಆಮೆಮಾಂಸ ಹುಡುಕುವವರು ನಮ್ಮಲ್ಲಿ ಈಗಲೂ ಇದ್ದಾರೆ. ಮೂಲವ್ಯಾಧಿಗೆ ಕೊಳ್ಳೇಗಾಲದಲ್ಲೇ ಡಾಕ್ಟರಿದ್ದಾರೆ. ಇನ್ನು ಕೆಲವರು ಜೀವಂತ ನಕ್ಷತ್ರ ಆಮೆ ತಂದು ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಎಂದು ಕಾಯುತ್ತಾರೆ. ಬರುವವರು ಅರಣ್ಯ ಇಲಾಖೆಯವರು.

ಹೊಳೆಯಾಮೆಗೂ ಕಡಲಾಮೆಗೂ ಬೇರೆಲ್ಲ ಬೇರೆಯಾದರೂ ಒಂದು ಕಟ್ಟಳೆ ಒಂದೇ: ಮೊಟ್ಟೆಯಿಡಲು ನೀರು ಬಿಟ್ಟು ದಡಕ್ಕೆ, ಮರಳು ಮಣ್ಣಿಗೆ ಬರಬೇಕು. ಟೊಂಕದಲ್ಲಿ ಅದಕ್ಕೊಂದು ಪಂಜರ, ಒಂದು ಚೀಟಿ, ಒಬ್ಬ ಹುಡುಗ ಇದ್ದಾರೆ. ನಮ್ಮ ಕಡೆ ಕಾವೇರಿ ವನ್ಯಜೀವಿಧಾಮ ಆದದ್ದು 1987ರಲ್ಲಿ. ಅಲ್ಲಿ ಮೀನು, ಮೊಸಳೆ, ನೀರುನಾಯಿಗಳಿಗೆ ಹೆಸರಿದೆ. ಆಮೆಯ ಗೂಡಿನ ಸುದ್ದಿ ನಮ್ಮ ಹೊಳೆಸಾಲಿನ ಹಳ್ಳಿಗಳಲ್ಲಿ ಮಾತಾಗಿದ್ದನ್ನು ನಾನು ಕೇಳಿಲ್ಲ.

ಹೊಳೆಯಾಮೆಯ ಗೂಡು ಕಾಯುವುದು ಆಗದ ಕೆಲಸವೇನಲ್ಲ. ಸುಳ್ಯದ ಪಯಸ್ವಿನಿ ಕಾಸರಗೋಡಿಗೆ ಇಳಿದು ಚಂದ್ರಗಿರಿಯಾಗುತ್ತದೆ. ಅಲ್ಲಿ ಕ್ಯಾಂಟರ್ ದೈತ್ಯ ಮೆದುಚಿಪ್ಪಿನ ಆಮೆ ಎಂಬ ಅಪರೂಪದ ಪ್ರಾಣಿಯಿದೆ. ಒಂದು ಮೀಟರು ಮೀರಿ ಬೆಳೆಯಬಲ್ಲದು. ದಿನದ ಬಹುಪಾಲು ಹೊಳೆಯ ತಳದ ಮರಳಿನಲ್ಲಿ ಹೂತುಕೊಂಡು, ಉಸಿರಿಗೆ ಮಾತ್ರ ಮೇಲೆ ಬರುತ್ತದೆ. ಇದ್ದೂ ಕಾಣದ ಇಂಥದನ್ನು ಹುಡುಕುವುದು ಹೇಗೆ? ಸಂಶೋಧಕಿ ಆಯುಷಿ ಜೈನ್ ಯಂತ್ರ ನಂಬಲಿಲ್ಲ, ಹೊಳೆಯಂಚಿನ ಜನರನ್ನು ನಂಬಿದರು. ಕಂಡರೆ ತಿಳಿಸಿ, ಬಲೆಗೆ ಬಿದ್ದರೆ ಬಿಟ್ಟುಬಿಡಿ ಎಂದು ಊರೂರಲ್ಲಿ ಸುದ್ದಿಜಾಲ ಕಟ್ಟಿದರು. ಊರವರ ಕಣ್ಣಿನಿಂದಲೇ ಗೂಡು ಸಿಕ್ಕಿತು, ಮೊಟ್ಟೆ ಉಳಿಸಿ ಮರಿಗಳನ್ನು ಹೊಳೆಗೆ ಬಿಟ್ಟರು. 2024ರಲ್ಲಿ ಈ ಕೆಲಸ ಅಂತರರಾಷ್ಟ್ರೀಯ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡ, ತುಳು, ಮಲಯಾಳ ಮೂರೂ ನಡೆಯುವ ಸೀಮೆಯಲ್ಲಿ ಆದದ್ದು ಸತ್ತೇಗಾಲ, ಮುಡುಕುತೊರೆ, ಶಿವನಸಮುದ್ರದ ಸಾಲಿನಲ್ಲಿ ಆಗಲಾರದೇ? ತೆಪ್ಪದಲ್ಲಿ ಬಲೆ ಬಿಡುವ ನಮ್ಮ ಬೆಸ್ತರಿಗೆ ಯಾವ ಮಡುವಿನಲ್ಲಿ ಯಾವ ಆಮೆ ಎಂಬುದು ಬಾಯಿಪಾಠ. ಕೇಳುವವರಿಲ್ಲ, ಅಷ್ಟೇ. ಶಾಲೆಯ ಮಕ್ಕಳಿಗೆ ಒಂದು ಪುಸ್ತಕ ಕೊಟ್ಟು, ಬೆಸ್ತರು ಹೇಳಿದ್ದನ್ನು ಬರೆಸಿಕೊಂಡು ಬನ್ನಿ ಎಂದರೆ ಒಂದು ವರ್ಷದಲ್ಲಿ ನಕ್ಷೆ ಸಿದ್ಧವಾದೀತು. ಮಧ್ಯರಂಗನ ದರ್ಶನಕ್ಕೆ ಬರುವ ಭಕ್ತರು, ಭರಚುಕ್ಕಿಗೆ ಬರುವ ಕಾರಿನವರು ಬಿಟ್ಟು ಹೋಗುವ ಪ್ಲಾಸ್ಟಿಕ್ಕನ್ನು ತಡೆಯಲು ಪಂಚಾಯಿತಿಗೆ ವಿಜ್ಞಾನಿ ಬೇಕಿಲ್ಲ.

ಬೇಸಿಗೆಯಲ್ಲಿ ಹೊಳೆ ತಗ್ಗಿ ದಿಣ್ಣೆಗಳು ತೆರೆದುಕೊಂಡಾಗ, ಮರಳಿನಲ್ಲಿ ಆಮೆ ಹರಿದ ಗುರುತು ಕಂಡರೆ ಅಗೆಯಬೇಡಿ. ಮೊಟ್ಟೆ ಹೊರಗೆ ಕಂಡರೆ ತಿರುಗಿಸದೆ, ಇದ್ದ ಹಾಗೇ ಮರಳು ಮುಚ್ಚಿ. ಬಲೆಗೆ ಬಿದ್ದದ್ದನ್ನು ಬಿಟ್ಟುಬಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ದುಡ್ಡು ಕೊಡಬೇಕಾಗಿಲ್ಲ. ದಿಣ್ಣೆಯ ಮೇಲೆ ರಾತ್ರಿ ಟ್ರ್ಯಾಕ್ಟರು ಕಂಡರೂ ಸುಮ್ಮನಿರದೆ ದೂರು ಕೊಡಿ.